ಹೊಸಪೇಟೆಯ ಕೆಂಪು ಧೂಳು, ನಮ್ಮನೆ ರೋಬೋ ವ್ಯಾಕ್ಯೂಮ್: 14 ತಿಂಗಳ ನಂತರ

ನಮ್ಮ ಮನೆ ಇರುವುದು ಹೊಸಪೇಟೆಯಲ್ಲಿ, ಸಂಡೂರು ರಸ್ತೆಯ ಕಡೆ. ಅದಿರು ಲಾರಿ ಓಡಾಡುವ ದಾರಿ. ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆ ಮೇಲೆ ಸಂಜೆಗೆ ಬೆರಳಿಂದ ಹೆಸರು ಬರೆಯಬಹುದು, ಅಷ್ಟು ಕೆಂಪು ಧೂಳು, ಕುಂಕುಮದಷ್ಟು ನುಣುಪು. ನಮ್ಮ ಅತ್ತೆಗೆ ದಮ್ಮು. ಪೊರಕೆ ಆಡಿಸಿದರೆ ಸಾಕು, ಕೆಮ್ಮು ಶುರುವಾಗುತ್ತಿತ್ತು. ಅದಕ್ಕೇ 17 ಸಾವಿರ ಕೊಟ್ಟು ರೋಬೋ ವ್ಯಾಕ್ಯೂಮ್, ಅಂದರೆ ತಾನೇ ಓಡಾಡಿ ನೆಲದ ಧೂಳು ಹೀರುವ ಮೆಷಿನ್, ತಂದೆವು. ಈಗ 14 ತಿಂಗಳಾಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಿರುವ ಮಾತು ಇಂಥ ಹೆಚ್ಚಿನ ಮೆಷಿನ್‌ಗಳಿಗೂ ಹೊಂದುತ್ತದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮಂಚದ ಕೆಳಗೆ, ಸೋಫಾ ಸಂದಿಯಲ್ಲಿ, ನನ್ನ ಸೊಂಟ ಬಗ್ಗದ ಜಾಗದಲ್ಲೆಲ್ಲ ನುಗ್ಗಿ ಗುಡಿಸುತ್ತದೆ. ಧೂಳು ಮೇಲೆ ಏಳುವುದಿಲ್ಲ. ಅತ್ತೆ ಹಾಲ್‌ನಲ್ಲೇ ಕೂತು ಸೊಪ್ಪು ಬಿಡಿಸುತ್ತಿರುತ್ತಾರೆ, ಅದು ಅವರ ಕಾಲು ಬಳಸಿಕೊಂಡು ಹೋಗುತ್ತದೆ. ಮೊದಲ ಎರಡು ತಿಂಗಳು ರಾತ್ರಿ ಅವರು ಇನ್‌ಹೇಲರ್ ಕೇಳಿದ್ದೇ ಕಡಿಮೆ. ನನಗೆ ಅಷ್ಟು ಸಾಕಾಗಿತ್ತು.

ಮೂರನೇ ತಿಂಗಳು ಸದ್ದು ಬದಲಾಯಿತು. ಕೀರಲು ದನಿ. ಅದು ಹೋದ ದಾರಿಯಲ್ಲಿ ಅಕ್ಕಿ ಕಾಳು ಹಾಗೇ ಉಳಿಯುತ್ತಿತ್ತು. ಧೂಳಿನ ಡಬ್ಬಿ ಖಾಲಿ ಇದ್ದರೂ 'ಡಬ್ಬಿ ಕ್ಲೀನ್ ಮಾಡಿ' ಅಂತ ಮತ್ತೆ ಮತ್ತೆ ಹೇಳುತ್ತಿತ್ತು. ಸರ್ವೀಸ್ ಸೆಂಟರ್‌ಗೆ ಒಯ್ದೆ. ಕೌಂಟರ್‌ನಲ್ಲಿದ್ದವರು ಒಮ್ಮೆ ಆನ್ ಮಾಡಿ ಸದ್ದು ಕೇಳಿದರು, ಅಷ್ಟೇ. "ಮೋಟಾರ್ ಹೋಗಿದೆ ಮೇಡಂ, 5,200 ಆಗುತ್ತೆ" ಅಂದರು. "ಒಂದ್ಸಲ ಬಿಚ್ಚಿ ನೋಡ್ತೀರಾ?" ಅಂತ ಕೇಳಿದೆ. "ನೋಡೋದೇನಿಲ್ಲ, ಹೊಸದು ಹಾಕಿದ್ರೆ ಸರಿಹೋಗುತ್ತೆ" ಅಂದರು. ನನಗೆ ತುಂಬಾ ಬೇಜಾರಾಯಿತು. ಬಿಚ್ಚಿ ನೋಡದೆ ಮೋಟಾರ್ ಹೋಗಿದೆ ಅಂತ ಹೇಳಬಹುದಾ? ವಾಪಸ್ ತಂದೆ.

ಅವತ್ತು ಸಂಜೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪೇಪರ್ ಹಾಸಿ ಕೂತೆ. ಡಬ್ಬಿ ತೆಗೆದೆ. ಮೇಲೆ ಒಂದು ಜಾಲರಿ, ಅದರ ಹಿಂದೆ ತೆಳ್ಳನೆ ಸ್ಪಂಜು, ಸ್ಪಂಜಿನ ಹಿಂದೆ ಫಿಲ್ಟರ್. ಎರಡು ತಿಂಗಳಿಂದ ನಾನು ಜಾಲರಿಯನ್ನಷ್ಟೇ ಒರೆಸುತ್ತಿದ್ದೆ. ಸ್ಪಂಜು ತೆಗೆಯಬೇಕು ಅಂತ ಮ್ಯಾನುಯಲ್‌ನಲ್ಲಿ ಎಲ್ಲೂ ಇಲ್ಲ. ಫಿಲ್ಟರ್ ಅಂದರೆ ಸೀರೆ ನೆರಿಗೆ ಹಿಡಿದ ಹಾಗೆ ಮಡಿಸಿದ ಬಿಳಿ ಕಾಗದ. ಆದರೆ ಬಿಳಿ ಎಲ್ಲೂ ಕಾಣಲಿಲ್ಲ. ನೆರಿಗೆ ನೆರಿಗೆಯ ನಡುವೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಕಲ್ಲಿನ ಅಂಚಿಗೆ ಮೆಲ್ಲಗೆ ತಟ್ಟಿದೆ. ಒಣಗಿದ ಗಾರೆಯ ಹಾಗೆ ಉದ್ದುದ್ದ ಚೂರಾಗಿ ಉದುರಿತು. ಪೇಪರ್ ಮೇಲೆ ಒಂದು ಹಿಡಿ ಆಯಿತು. ಗಾಳಿ ಹೋಗುವುದಕ್ಕೇ ದಾರಿ ಇರಲಿಲ್ಲ, ಮೋಟಾರ್ ಏನು ಮಾಡೀತು? ಮತ್ತೆ ಜೋಡಿಸಿ ಆನ್ ಮಾಡಿದೆ. ಹಳೆಯ ಸದ್ದು ಬಂತು. 5,200 ಉಳಿಯಿತು. ಮೋಟಾರ್ ಇವತ್ತಿಗೂ ಅದೇ.

ಅಲ್ಲಿಂದ ಪ್ರತಿ ಭಾನುವಾರ ಹಿತ್ತಲ ಕೆಲಸ ಅಂತಾಯಿತು. ಇಪ್ಪತ್ತು ನಿಮಿಷ ಸಾಕು. ಮೂಗಿಗೆ ಮಾಸ್ಕ್, ಒಂದು ಹಳೆಯ ಟೂತ್‌ಬ್ರಷ್, ಒಂದು ಪೇಂಟ್ ಬ್ರಷ್, ಸಣ್ಣ ಕತ್ತರಿ. ಡಬ್ಬಿಯ ಧೂಳನ್ನು ತೇವ ಮಾಡಿದ ಪೇಪರ್‌ಗೆ ಸುರಿದು ಮಡಚಿಬಿಡುತ್ತೇನೆ, ಹಾರುವುದಿಲ್ಲ. ಮನೆಯೊಳಗೆ ಮಾತ್ರ ಡಬ್ಬಿ ಬಿಚ್ಚಬೇಡಿ. ಅಷ್ಟೂ ದಿನ ಹಿಡಿದಿಟ್ಟ ಧೂಳನ್ನು ದಮ್ಮಿನವರ ಮುಖಕ್ಕೇ ಊದಿದ ಹಾಗಾಗುತ್ತದೆ.

ತಳದ ರೋಲರ್ ಬ್ರಷ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎರಡು ಕ್ಲಿಪ್ ಒತ್ತಿದರೆ ಮೇಲಿನ ಪಟ್ಟಿ ಬರುತ್ತದೆ, ರೋಲರ್ ಕೈಗೆ ಸಿಗುತ್ತದೆ. ಮೇಲೆ ಸುತ್ತಿದ ಕೂದಲು ಎಲ್ಲರಿಗೂ ಕಾಣುತ್ತದೆ, ಕತ್ತರಿಸಿ ಎಳೆದರೆ ಬಂತು. ತೊಂದರೆ ಇರುವುದು ತುದಿಯಲ್ಲಿ. ಅಲ್ಲೊಂದು ಪುಟ್ಟ ಮುಚ್ಚಳ ಇದೆ, ತಿರುಗಿಸಿ ಎಳೆದರೆ ಬರುತ್ತದೆ. ನಮ್ಮದರಲ್ಲಿ ಆ ಮುಚ್ಚಳದ ಒಳಗೆ ಮಗಳ ಉದ್ದ ಕೂದಲು, ಮಲ್ಲಿಗೆ ದಂಡೆಯ ದಾರ, ಎರಡೂ ಹೆಣೆದುಕೊಂಡು ಬಳೆಯ ಹಾಗೆ ಗಟ್ಟಿಯಾಗಿದ್ದವು. ಹಾಗೇ ಬಿಟ್ಟರೆ ರೋಲರ್ ಬಿಗಿಯಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಮುಂದಿನ ಪುಟ್ಟ ಚಕ್ರವನ್ನೂ ಎಳೆದು ತೆಗೆಯಿರಿ, ಅದರ ಸರಳಿಗೂ ದಾರ ಸುತ್ತಿರುತ್ತದೆ.

ಇನ್ನೊಂದು. ಮಳೆಗಾಲಕ್ಕೆ ಮುಂಚೆ ಒಂದು ದಿನ ಮೆಷಿನ್ ಹಾಲ್ ಮಧ್ಯದಲ್ಲೇ ಹಿಂದೆ ಹಿಂದೆ ಹೋಗಿ ನಿಂತುಬಿಟ್ಟಿತು. ಕೆಟ್ಟಿರಲಿಲ್ಲ. ತಳದ ಅಂಚಿನಲ್ಲಿ ಕಪ್ಪು ಗಾಜಿನಂಥ ಪುಟ್ಟ ಕಿಟಕಿಗಳಿವೆ, ಮೆಟ್ಟಿಲಿಂದ ಬೀಳದಂತೆ ನೋಡಿಕೊಳ್ಳುವ ಸೆನ್ಸರ್. ಅವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ನೆಲಕ್ಕೆ ಬಡಿದು ವಾಪಸ್ ಬರುತ್ತಾ ಅಂತ ನೋಡುತ್ತವೆ. ಧೂಳು ಮೆತ್ತಿದರೆ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ, ಮುಂದೆ ಹಳ್ಳ ಇದೆ ಅಂದುಕೊಂಡು ನಿಲ್ಲುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಹೊರಟಿತು. ಕಡು ಕಪ್ಪು ಜಮಖಾನದ ಮೇಲೂ ಕೆಲವು ಮೆಷಿನ್ ಹೀಗೇ ಮಾಡುತ್ತವೆ, ಕಪ್ಪು ಬಣ್ಣ ಬೆಳಕು ಹೀರಿಕೊಳ್ಳುತ್ತದೆ.

ಫಿಲ್ಟರ್ ತೊಳೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತೊಳೆಯಬಹುದು ಅಂತ ಅದರ ಮೇಲೆ ಬರೆದಿದ್ದರೆ ಮಾತ್ರ. ಸೋಪು ಬೇಡ. ತೊಳೆದ ಮೇಲೆ ಪೂರ್ತಿ 24 ಗಂಟೆ ನೆರಳಲ್ಲಿ ಒಣಗಲಿ. ಹಸಿ ಫಿಲ್ಟರ್ ಹಾಕಿದರೆ ಧೂಳು ಕೆಸರಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಏನು ತಟ್ಟಿದರೂ ಬರುವುದಿಲ್ಲ. ಕೊಳ್ಳುವಾಗ ಡಬ್ಬದ ಮೇಲಿನ ಮಾತನ್ನೂ ಗಮನಿಸಿ. ನಿಜವಾದ ಹೆಪಾ ಫಿಲ್ಟರ್, ಅಮೆರಿಕದ ಮಾನದಂಡದ ಪ್ರಕಾರ, 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಕಣವನ್ನೂ ಶೇ 99.97ರಷ್ಟು ಹಿಡಿಯಬೇಕು. ನಮ್ಮದರ ಮೇಲೆ ಇದ್ದದ್ದು 'ಹೆಪಾ ಟೈಪ್'. ಅದಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅತ್ತೆಗೋಸ್ಕರ ತಂದವಳು ನಾನು, ಮೊದಲೇ ಗೊತ್ತಿದ್ದರೆ ಬೇರೆ ಮಾಡೆಲ್ ನೋಡುತ್ತಿದ್ದೆ.

ಬಾಗಿಲ ಮುಂದಿನ ರಂಗೋಲಿ ಕಡೆ ಮಾತ್ರ ಮೆಷಿನ್ ಬಿಡಬೇಡಿ. ಆ ಪುಡಿಯಿಂದ ಒಂದೇ ಸಲಕ್ಕೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಸ್ತಿಲ ಹತ್ತಿರದ ಜಾಗವನ್ನು ನಾವು ಆ್ಯಪ್‌ನಲ್ಲಿ ಗೆರೆ ಎಳೆದು ಮುಚ್ಚಿದ್ದೇವೆ.

ಗುಡಿಸುವುದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮ್ಯಾನುಯಲ್‌ಗೆ ಎರಡು. ಸರ್ವೀಸ್‌ಗೆ ಒಂದು. ಅಂಗಡಿಗೆ ಹೋದಾಗ ಮೆಷಿನ್ ಓಡಿಸಿ ತೋರಿಸುತ್ತಾರೆ. ಅದನ್ನು ಬಿಟ್ಟು, ಮಗುಚಿ ಹಾಕಿ ರೋಲರ್ ತುದಿಯ ಮುಚ್ಚಳ ನಿಮ್ಮ ಕೈಯಲ್ಲಿ ಬಿಚ್ಚಲು ಬರುತ್ತಾ ಅಂತ ನೋಡಿ. ಫಿಲ್ಟರ್ ಬಿಡಿಯಾಗಿ ಸಿಗುತ್ತಾ ಕೇಳಿ. ನಮ್ಮದಕ್ಕೆ ಇದು ನಾಲ್ಕನೇ ಜೋಡಿ. ಹಾಕಿದ ತಾರೀಖನ್ನು ಪ್ಲಾಸ್ಟಿಕ್ ಅಂಚಿನ ಮೇಲೆ ಪೆನ್ನಿಂದ ಬರೆದಿಟ್ಟಿದ್ದೇನೆ.