ಶೋನ್‌ಹಟ್ ಸರ್ಕಸ್ಸಿನ ಕತ್ತೆ ಮತ್ತು ಜೋಕರ್: ತರಿಸಿಕೊಂಡವನ ಅಭಿಪ್ರಾಯ

ಕಿನ್ನಾಳದ ಗೊಂಬೆಗಳಿಂದಲೇ ತುಂಬಿದ್ದ ಕೊಪ್ಪಳದ ನನ್ನ ಮನೆಯ ಕಪಾಟಿಗೆ ಈಗ ಅಮೆರಿಕದ ಫಿಲಡೆಲ್ಫಿಯಾದ ಇಬ್ಬರು ಬಂದು ಸೇರಿದ್ದಾರೆ: ಶೋನ್‌ಹಟ್ ಕಂಪನಿಯ ‘ಹಂಪ್ಟಿ ಡಂಪ್ಟಿ ಸರ್ಕಸ್’ ಎಂಬ ಮರದ ಆಟಿಕೆಗಳ ಸರಣಿಯ ಕತ್ತೆ ಮತ್ತು ಜೋಕರ್. ಹಳೆಯ ಆಟಿಕೆ ಮಾರುವ ಅಲ್ಲಿನ ವ್ಯಾಪಾರಿಯೊಬ್ಬರಿಂದ ಆನ್‌ಲೈನಿನಲ್ಲಿ ತರಿಸಿದೆ. ಸಾಗಣೆ ಮತ್ತು ಸುಂಕ ಸೇರಿ ಗೊಂಬೆಗಳ ಬೆಲೆಯನ್ನೇ ಮೀರಿತು. ಆದರೂ ಕೊಟ್ಟ ಹಣ ಸಾರ್ಥಕವಾಯಿತು ಎಂದೇ ಹೇಳುತ್ತೇನೆ.

ಜರ್ಮನಿಯಿಂದ ವಲಸೆ ಹೋದ ಆಲ್ಬರ್ಟ್ ಶೋನ್‌ಹಟ್ 1872ರಲ್ಲಿ ಮಕ್ಕಳ ಪಿಯಾನೊ ತಯಾರಿಸುತ್ತ ಕಂಪನಿ ಆರಂಭಿಸಿದರು. ಸರ್ಕಸ್ ಬಂದದ್ದು 1903ರಲ್ಲಿ. 1935ರ ಹೊತ್ತಿಗೆ ಕಂಪನಿ ದಿವಾಳಿಯಾಗಿತ್ತು.

ಈ ಗೊಂಬೆಗಳ ಜೀವ ಇರುವುದು ಕೀಲುಗಳಲ್ಲಿ. ತಲೆ, ಕೈ, ಕಾಲು ಎಲ್ಲವೂ ಬೇರೆ ಬೇರೆ ಮರದ ತುಂಡುಗಳು. ಒಳಗೆ ಹಾಯಿಸಿದ ಎಲಾಸ್ಟಿಕ್ ದಾರ ಅವನ್ನು ಬಿಗಿಯಾಗಿ ಹಿಡಿದಿರುತ್ತದೆ. ಹೇಗೆ ತಿರುಗಿಸಿದರೆ ಹಾಗೆ ನಿಲ್ಲುತ್ತವೆ. ಜೋಕರನ ಅಂಗೈ, ಅಂಗಾಲುಗಳಲ್ಲಿ ಸಣ್ಣ ಸೀಳುಗಳಿವೆ. ಆ ಸೀಳಿನ ಅಳತೆ ಕೊಟ್ಟು ನಮ್ಮ ಬಡಿಗೇರರಿಂದ ತೇಗದ ಚೂರುಗಳಲ್ಲಿ ಒಂದು ಪುಟ್ಟ ಏಣಿ ಮಾಡಿಸಿದೆ. ಮೊಮ್ಮಗಳು ಅದರ ಮೆಟ್ಟಿಲಿಗೆ ಜೋಕರನ ಒಂದೇ ಪಾದವನ್ನು ಸಿಕ್ಕಿಸಿ, ದೇಹವನ್ನು ಗಾಳಿಯಲ್ಲಿ ಅಡ್ಡಲಾಗಿ ನಿಲ್ಲಿಸಿದಳು. ನೂರು ವರ್ಷದ ಹಿಂದೆ ಯಾವುದೋ ಮಗು ಆಡಿದ ಆಟ ಇದೇ ಅಲ್ಲವೇ ಎಂದು ನಾನು ಹಿಗ್ಗಿದೆ.

ನಮ್ಮ ಕಿನ್ನಾಳದ ಕೆಲಸವೇ ಬೇರೆ. ಹಗುರ ಮರ, ಅದರ ಮೇಲೆ ಕಿಟ್ಟ ಎನ್ನುವ ಲೇಪ, ಹುಣಸೆ ಬೀಜದ ಅಂಟು, ಬಣ್ಣ. ಅಲ್ಲಿ ಕಣ್ಣು ಮೊದಲು ಸೋಲುವುದು ಮೈಯ ಮೆರುಗಿಗೆ. ಹಾಗಾಗಿ ಕತ್ತೆಯ ಬೆನ್ನಿನ ಬಣ್ಣ ಸವೆದಿರುವುದನ್ನು ಪರಿಚಯದ ಚಿತ್ರಗಾರರೊಬ್ಬರಿಗೆ ತೋರಿಸಿದೆ. ಅವರು ಬಣ್ಣದ ಮಾತೆತ್ತದೆ ಬಹಳ ಹೊತ್ತು ಕಾಲಿನ ಕೀಲನ್ನೇ ತಿರುಗಿಸಿ ನೋಡಿದರು. “ಮಾಸ್ತರರೇ, ಇದಕ್ಕೆ ಕುಂಚ ಮುಟ್ಟಿಸಬೇಡಿ, ದಾರ ಮಾತ್ರ ಬದಲಿಸಿ” ಎಂದರು. ಹಾಗೆಯೇ ಮಾಡಿದೆ. ಜೋತು ಬಿದ್ದಿದ್ದ ಹಿಂಗಾಲು, ಪೇಟೆಯ ಹೊಲಿಗೆ ಸಾಮಾನಿನ ಅಂಗಡಿಯ ಗುಂಡನೆಯ ಎಲಾಸ್ಟಿಕ್ ಹಾಕಿದ ಮೇಲೆ ನೆಟ್ಟಗಾಯಿತು. ನಮ್ಮ ಬೇಸಿಗೆಗೆ ಎಲಾಸ್ಟಿಕ್ ಬೇಗ ಒಣಗಿ ಸತ್ವ ಕಳೆದುಕೊಳ್ಳುತ್ತದೆ; ಬಿಸಿಲು ಬೀಳುವ ಗೋಡೆಗೆ ಇಂಥವನ್ನು ಇಡಬಾರದು.

ವ್ಯಾಪಾರಿಯ ಬಗ್ಗೆ ಒಂದು ದೂರಿದೆ. ಕತ್ತೆಯ ಎಡಗಿವಿಯ ಚರ್ಮ ಆಮೇಲೆ ಅಂಟಿಸಿದ್ದು. ವಿವರಣೆಯಲ್ಲಿ ಅದರ ಸುಳಿವೇ ಇರಲಿಲ್ಲ, ಫೋಟೊಗಳೆಲ್ಲ ಬಲಬದಿಯವು. ಬರೆದು ಕೇಳಿದಾಗ ತಕರಾರಿಲ್ಲದೆ ಸ್ವಲ್ಪ ಹಣ ಹಿಂದಿರುಗಿಸಿದರು. ಕಟ್ಟಿ ಕಳಿಸಿದ ರೀತಿ ಮಾತ್ರ ಬಲು ಅಚ್ಚುಕಟ್ಟು: ಒಂದೊಂದು ಕಾಲಿಗೂ ಮೆತ್ತನೆಯ ಕಾಗದ ಸುತ್ತಿದ್ದರು.

ಕೊಳ್ಳುವವರು ಎರಡೂ ಬದಿಯ ಫೋಟೊ ಕೇಳಿ, ಕಿವಿ ಮತ್ತು ಬಾಲವನ್ನು ನೋಡಿ. ಮೊದಲ ವರ್ಷಗಳ ಪ್ರಾಣಿಗಳಿಗೆ ಗಾಜಿನ ಕಣ್ಣು, ಆಮೇಲಿನವಕ್ಕೆ ಬರೆದ ಕಣ್ಣು. ಗಾಜಿನ ಕಣ್ಣಿನವು ದುಬಾರಿ. ನನ್ನ ಕತ್ತೆಯದು ಬರೆದ ಕಣ್ಣು, ಆಟಕ್ಕೆ ಅದರಿಂದ ಏನೂ ಕಡಿಮೆಯಾಗಿಲ್ಲ. 1920ರ ದಶಕದಲ್ಲಿ ಕಂಪನಿ ಚಿಕ್ಕ ಗಾತ್ರದ ಗೊಂಬೆಗಳನ್ನೂ ತಂದಿತು. ಜೊತೆ ಕೂಡಿಸುವುದಿದ್ದರೆ ಎತ್ತರ ಎಷ್ಟೆಂದು ಬರೆಸಿಕೊಂಡೇ ಹಣ ಕಳಿಸಿ. ನಾನು ಈಗ ಆನೆಯೊಂದರ ಅಳತೆ ಕೇಳಿ ಬರೆದಿದ್ದೇನೆ.