ಹಾಫ್ ವೇವ್, ಸೆಂಟರ್ ಟ್ಯಾಪ್, ಬ್ರಿಡ್ಜ್: ಅರ್ಧ ಆಂಪಿಯರ್ ಲೋಡಿಗೆ ಯಾವುದು ತಾಳುತ್ತದೆ?

ಲೋಡ್ ಹಾಕದೆ ಅಳೆದರೆ, ಎಸಿಯನ್ನು ಡಿಸಿಯಾಗಿಸುವ ಈ ಮೂರೂ ರೆಕ್ಟಿಫೈಯರ್‌ಗಳು ಒಂದೇ. ಡಯೋಡ್ ಒಂದಿರಲಿ (ಹಾಫ್ ವೇವ್), ಎರಡಿರಲಿ (ಸೆಂಟರ್ ಟ್ಯಾಪ್), ನಾಲ್ಕಿರಲಿ (ಬ್ರಿಡ್ಜ್), ಕೆಪಾಸಿಟರ್ ಎಸಿಯ ಶಿಖರದವರೆಗೆ ತುಂಬಿಕೊಂಡು ಸುಮ್ಮನೆ ಕೂತಿರುತ್ತದೆ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಆದರೆ ಮೀಟರಿನಲ್ಲಿ 17 ವೋಲ್ಟಿನ ಆಸುಪಾಸು (ಎಸಿಯ ಶಿಖರ ಅದರ ಹೆಸರಿನ ವೋಲ್ಟಿನ 1.4 ಪಟ್ಟು), ಸಣ್ಣ ಟ್ರಾನ್ಸ್‌ಫಾರ್ಮರಾದರೆ ಅದಕ್ಕೂ ಹೆಚ್ಚು ಕಾಣುತ್ತದೆ. ವ್ಯತ್ಯಾಸ ಹೊರಬೀಳುವುದು ಕರೆಂಟ್ ಎಳೆದಾಗ.

ಆದ್ದರಿಂದ ಹೋಲಿಕೆಗೆ ಲೋಡ್ ಒಂದೇ ಇರಬೇಕು. ಬೇಕಾದದ್ದು ಇಷ್ಟು: 12-0-12 ವೋಲ್ಟ್ (ಮಧ್ಯದ ತಂತಿಯ ಎರಡೂ ಕಡೆ 12 ವೋಲ್ಟ್), 1 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಪ್ರೈಮರಿಯಲ್ಲಿ (ಮೇನ್ಸ್ ಕಡೆಯ ಸುರುಳಿ) ಸ್ಲೋ ಬ್ಲೋ ಫ್ಯೂಸ್, 1ಎನ್4007 ಡಯೋಡ್‌ಗಳು, 2200 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರ್, 27 ಓಮ್ 10 ವ್ಯಾಟ್ ವೈರ್‌ವೂಂಡ್ ರೆಸಿಸ್ಟರ್. ರೆಸಿಸ್ಟರ್ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ, 7 ವ್ಯಾಟ್ ಬಿಸಿ ಉಗುಳುತ್ತದೆ. ಮುಟ್ಟಿದರೆ ಬೆರಳು ಸುಡುತ್ತದೆ. ಹಾಫ್ ವೇವ್ ಮತ್ತು ಬ್ರಿಡ್ಜ್‌ಗೆ ಸೆಕೆಂಡರಿಯ (ಔಟ್‌ಪುಟ್ ಕಡೆಯ ಸುರುಳಿ) ಒಂದು ಅರ್ಧ ಸಾಕು.

ರಿಪಲ್, ಅಂದರೆ ಡಿಸಿಯ ಮೇಲೆ ಉಳಿಯುವ ಏರಿಳಿತದ ಲೆಕ್ಕ ಸುಲಭ. ಕರೆಂಟನ್ನು ರಿಪಲ್‌ನ ಆವರ್ತನ ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧದಿಂದ ಭಾಗಿಸಿದರಾಯಿತು. 50 ಹರ್ಟ್ಸ್ ಮೇನ್ಸ್‌ನಲ್ಲಿ ಹಾಫ್ ವೇವ್ ಕೆಪಾಸಿಟರನ್ನು ಸೆಕೆಂಡಿಗೆ 50 ಸಲ ತುಂಬುತ್ತದೆ, ಉಳಿದೆರಡು 100 ಸಲ. ಹೀಗಾಗಿ ಹಾಫ್ ವೇವ್‌ನ ರಿಪಲ್ 4.5 ವೋಲ್ಟ್, ಉಳಿದೆರಡರದು 2.3 ವೋಲ್ಟ್. ಸ್ಕೋಪಿನಲ್ಲಿ (ವೋಲ್ಟೇಜಿನ ಅಲೆ ತೋರಿಸುವ ಉಪಕರಣ) ಇದಕ್ಕಿಂತ ಸ್ವಲ್ಪ ಕಡಿಮೆಯೇ ಕಾಣುತ್ತದೆ, ಏಕೆಂದರೆ ಡಯೋಡ್ ತೆರೆದಿರುವಷ್ಟು ಹೊತ್ತು ಕೆಪಾಸಿಟರ್ ಖಾಲಿಯಾಗುವುದಿಲ್ಲ.

ಸೆಕೆಂಡರಿ ಲೋಡಿನಲ್ಲೂ 12 ವೋಲ್ಟ್ ಕೊಡುತ್ತಿದೆ, ಪ್ರತಿ ಡಯೋಡ್ 0.9 ವೋಲ್ಟ್ ತಿನ್ನುತ್ತದೆ ಎಂದುಕೊಳ್ಳಿ. ಹಾಫ್ ವೇವ್‌ನ ಶಿಖರ 16.1 ವೋಲ್ಟ್, ಸರಾಸರಿ 13.8, ತಳ 11.5. ಬ್ರಿಡ್ಜ್‌ನಲ್ಲಿ ಕರೆಂಟ್ ಪ್ರತಿ ಸಲ ಎರಡು ಡಯೋಡ್ ದಾಟಬೇಕಾದ್ದರಿಂದ ಶಿಖರ 15.2, ಸರಾಸರಿ 14.1, ತಳ 12.9. ಸೆಂಟರ್ ಟ್ಯಾಪ್‌ನಲ್ಲಿ ಶಿಖರ 16.1, ಸರಾಸರಿ 15, ತಳ 13.8. ಡಿಸಿ ರೇಂಜಿನಲ್ಲಿಟ್ಟ ಮೀಟರ್ ಸರಾಸರಿಯನ್ನು ಮಾತ್ರ ಹೇಳುತ್ತದೆ. ಹಾಫ್ ವೇವ್‌ಗೂ ಬ್ರಿಡ್ಜ್‌ಗೂ ಅದು ತೋರಿಸುವ ಅಂತರ 0.3 ವೋಲ್ಟ್, ತಳದಲ್ಲಿರುವ ನಿಜವಾದ ಅಂತರ 1.4 ವೋಲ್ಟ್. ಮುಂದೆ ರೆಗ್ಯುಲೇಟರ್ (ಔಟ್‌ಪುಟ್ ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್) ಇಡುವವರು ನೋಡಬೇಕಾದದ್ದು ಈ ತಳವನ್ನೇ.

12 ವೋಲ್ಟ್ ಕೊಡುವ 7812 ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡಲು ಇನ್‌ಪುಟ್ ಯಾವ ಕ್ಷಣದಲ್ಲೂ 14 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಮೇಲಿನ ಮೂರೂ ಇದರಲ್ಲಿ ಫೇಲ್! ಔಟ್‌ಪುಟ್‌ನಲ್ಲಿ ಪ್ರತಿ ಚಕ್ರಕ್ಕೂ ಹಳ್ಳ ಬಿದ್ದು, ಆಂಪ್ಲಿಫೈಯರ್ ಆದರೆ ಗುಂಯ್‌ಗುಡುತ್ತದೆ. ಇಲ್ಲಿ ಬಹುತೇಕರು ರೆಗ್ಯುಲೇಟರ್ ಕೆಟ್ಟಿದೆ ಎಂದು ಬದಲಿಸುತ್ತಾರೆ, ಹಮ್ (ಆ ಗುಂಯ್ ಸದ್ದು) ಹಾಗೇ ಉಳಿಯುತ್ತದೆ. ಬ್ರಿಡ್ಜ್‌ಗೆ 4700 ಮೈಕ್ರೋಫ್ಯಾರಡ್ ಹಾಕಿದರೆ ತಳ 14.1ಕ್ಕೆ ಏರುತ್ತದೆ, ಆದರೆ ಮೇನ್ಸ್ ತುಸು ಇಳಿದರೂ ಮತ್ತೆ ಅದೇ ಕಥೆ. ಸರಿಯಾದ ದಾರಿ 15 ವೋಲ್ಟ್ ಸೆಕೆಂಡರಿ. ಆಗ 2200 ಮೈಕ್ರೋಫ್ಯಾರಡ್‌ನಲ್ಲೇ ತಳ 17 ವೋಲ್ಟ್ ಮುಟ್ಟುತ್ತದೆ. ಬದಲಿಗೆ 7812 ಸುಮಾರು 3 ವ್ಯಾಟ್ ಬಿಸಿಯಾಗುತ್ತದೆ, ಹೀಟ್‌ಸಿಂಕ್ ಬೇಕೇ ಬೇಕು.

ಹಾಫ್ ವೇವ್‌ನ ಇನ್ನೊಂದು ದೋಷ ಮೀಟರಿಗೆ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ. ಸೆಕೆಂಡರಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುವುದರಿಂದ ಕೋರ್ ಒಂದು ಕಡೆಗೆ ಸ್ಯಾಚುರೇಟ್ ಆಗಿ (ಕಾಂತೀಯತೆ ಮಿತಿ ಮುಟ್ಟಿ) ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಹತ್ತಿಪ್ಪತ್ತು ಮಿಲಿಆಂಪಿಯರ್ ಸಾಕೆನ್ನುವ ಕಡೆ ಬಿಟ್ಟರೆ ಇದರ ಗೊಡವೆ ಬೇಡ.

ಸೆಂಟರ್ ಟ್ಯಾಪ್‌ನ ಲಾಭ ಒಂದೇ ಡಯೋಡ್ ಡ್ರಾಪ್. 5 ವೋಲ್ಟ್, 3 ಆಂಪಿಯರ್ ಬೇಕಾದಲ್ಲಿ ಇದು ದೊಡ್ಡ ಉಳಿತಾಯ. ಆದರೆ ಡಯೋಡ್ ಮೇಲಿನ ಹಿಮ್ಮುಖ ವೋಲ್ಟೇಜ್ ಶಿಖರದ ಎರಡು ಪಟ್ಟು, ಅಂದರೆ ಇಲ್ಲಿ 34 ವೋಲ್ಟ್. ಬ್ರಿಡ್ಜ್‌ನಲ್ಲಿ 17 ಮಾತ್ರ. 1000 ವೋಲ್ಟ್ ತಾಳುವ 1ಎನ್4007ಗೆ ಎರಡೂ ಲೆಕ್ಕಕ್ಕಿಲ್ಲ. ಡ್ರಾಪ್ ಇನ್ನೂ ಕಡಿಮೆಯಾಗಲೆಂದು 40 ವೋಲ್ಟ್‌ನ 1ಎನ್5822 ಶಾಟ್ಕಿ ಡಯೋಡ್ ಹಾಕುವವರು ಮಾತ್ರ ಎಚ್ಚರವಿರಲಿ, 12-0-12ರಲ್ಲಿ ಅದು ಅಂಚಿನಲ್ಲೇ ನಿಂತಿರುತ್ತದೆ.

12-0-12ರ ಎರಡು ತುದಿಗಳನ್ನು ಬ್ರಿಡ್ಜ್‌ಗೆ ಕೊಟ್ಟು ಮಧ್ಯದ ತಂತಿಯನ್ನು ಹಾಗೇ ಬಿಟ್ಟರೆ 24 ವೋಲ್ಟ್ ಎಸಿ ಸಿಕ್ಕಿ, ಡಿಸಿ 32 ದಾಟುತ್ತದೆ. 25 ವೋಲ್ಟ್ ಕೆಪಾಸಿಟರ್ ಅಲ್ಲಿ ಸಿಡಿಯುತ್ತದೆ. ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ತಿರುಗುಮುರುಗಾದರೆ ಅರ್ಧ ಚಕ್ರದಲ್ಲಿ ಸೆಕೆಂಡರಿ ಶಾರ್ಟ್. ಜೊತೆಯ ಡಯೋಡ್ ಸುಡುತ್ತದೆ ಇಲ್ಲವೇ ಫ್ಯೂಸ್ ಹಾರುತ್ತದೆ. ಮೊದಲ ಸಲ ಸ್ವಿಚ್ ಹಾಕುವಾಗ ಡಯೋಡ್‌ಗಳ ಬೆಳ್ಳಿ ಪಟ್ಟಿ, ಕೆಪಾಸಿಟರಿನ ಮೈನಸ್ ಗುರುತು ಎರಡನ್ನೂ ನೋಡಿಕೊಳ್ಳಿ.

ಟ್ರಾನ್ಸ್‌ಫಾರ್ಮರನ್ನು ಡಿಸಿ ಕರೆಂಟಿಗೆ ಸರಿಸಮನಾಗಿ ಆರಿಸುವುದೂ ತಪ್ಪು. ಕೆಪಾಸಿಟರ್ ಶಿಖರದ ಹತ್ತಿರ ಮಾತ್ರ ಗಬಗಬನೆ ಎಳೆಯುವುದರಿಂದ, ಬ್ರಿಡ್ಜ್‌ನಲ್ಲಿ ಸೆಕೆಂಡರಿಯ ಆರ್‌ಎಮ್‌ಎಸ್ (ಬಿಸಿಯ ಲೆಕ್ಕಕ್ಕೆ ಬರುವ) ಕರೆಂಟ್ ಡಿಸಿಯ 1.6ರಿಂದ 1.8 ಪಟ್ಟು ಇರುತ್ತದೆ. ಅರ್ಧ ಆಂಪಿಯರ್ ಡಿಸಿಗೆ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಐಷಾರಾಮವಲ್ಲ.

ಇನ್ನು ಫಿಲ್ಟರ್. ಕೆಪಾಸಿಟರ್ ದೊಡ್ಡದಾದಷ್ಟೂ ಒಳ್ಳೆಯದು ಎನ್ನುವುದು ಅರ್ಧ ಸತ್ಯ. ಹೆಚ್ಚಿಸಿದಂತೆ ಚಾರ್ಜಿಂಗ್ ಹೊಡೆತ ಚೂಪಾಗಿ ಡಯೋಡ್, ಟ್ರಾನ್ಸ್‌ಫಾರ್ಮರ್ ಎರಡೂ ಬಿಸಿಯಾಗುತ್ತವೆ. ಕೆಪಾಸಿಟರಿನ ನಂತರ 10 ಓಮ್ ಮತ್ತು 1000 ಮೈಕ್ರೋಫ್ಯಾರಡ್‌ನ ಆರ್‌ಸಿ ಹಂತ ಸೇರಿಸಿದರೆ 100 ಹರ್ಟ್ಸ್ ರಿಪಲ್ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 50 ಮಿಲಿಆಂಪಿಯರ್‌ನ ಪ್ರೀಆಂಪ್‌ಗೆ ಇದು ಬಲು ಚೆನ್ನ, ಕಳೆದುಕೊಳ್ಳುವುದು ಬರೀ ಅರ್ಧ ವೋಲ್ಟ್. ಅರ್ಧ ಆಂಪಿಯರ್‌ಗೆ ಹಾಕಿದರೆ 5 ವೋಲ್ಟ್ ಹೋಯಿತು. ಚೋಕ್‌ನಿಂದ (ಕೋರ್ ಮೇಲೆ ಸುತ್ತಿದ ತಂತಿ ಸುರುಳಿ) ಆರಂಭವಾಗುವ ಎಲ್‌ಸಿ ಫಿಲ್ಟರ್ ಟ್ರಾನ್ಸ್‌ಫಾರ್ಮರಿಗೆ ಹಿತ, ಆದರೆ ಔಟ್‌ಪುಟ್ ಶಿಖರಕ್ಕಲ್ಲ, ಸರಾಸರಿಗೆ ನಿಲ್ಲುತ್ತದೆ: 12 ವೋಲ್ಟ್ ಎಸಿಗೆ ಬ್ರಿಡ್ಜ್ ಕಳೆದು 9 ವೋಲ್ಟ್. ಲೋಡ್ ತೆಗೆದರೆ ಮತ್ತೆ ಶಿಖರಕ್ಕೆ ಜಿಗಿಯುತ್ತದೆ, ಬ್ಲೀಡರ್ (ಸದಾ ಸ್ವಲ್ಪ ಕರೆಂಟ್ ಎಳೆಯುವ ರೆಸಿಸ್ಟರ್) ಇಲ್ಲದೆ ಬಳಸುವಂತಿಲ್ಲ. ಇಷ್ಟು ಸಣ್ಣ ಸಪ್ಲೈಗೆ ಚೋಕ್‌ನ ತೂಕವೇ ದಂಡ.

ಹೀಗಾಗಿ 12 ವೋಲ್ಟ್, ಅರ್ಧ ಆಂಪಿಯರ್‌ಗೆ ನನ್ನ ಆಯ್ಕೆ 15 ವೋಲ್ಟ್ ಸೆಕೆಂಡರಿ, ಬ್ರಿಡ್ಜ್, 2200 ಮೈಕ್ರೋಫ್ಯಾರಡ್ 35 ವೋಲ್ಟ್. ಮುಂದೆಂದೋ ಇದರಲ್ಲಿ ಹಮ್ ಶುರುವಾದರೆ ಕೆಪಾಸಿಟರ್ ಬದಲಿಸುವ ಮೊದಲು ಸ್ಕೋಪಿನಲ್ಲಿ ರಿಪಲ್‌ನ ಅಂತರ ನೋಡಿ. 10 ಮಿಲಿಸೆಕೆಂಡಿಗೊಮ್ಮೆ ಬಂದರೆ ಕೆಪಾಸಿಟರ್ ಒಣಗಿದೆ. 20ಕ್ಕೊಮ್ಮೆ ಬಂದರೆ ಒಂದು ಡಯೋಡ್ ಓಪನ್ ಆಗಿ, ಬ್ರಿಡ್ಜ್ ಹಾಫ್ ವೇವ್ ಆಗಿಬಿಟ್ಟಿದೆ.