ತಾಳವಾಡಿಯ ಕಾಡಂಚಿಗೆ ಯಾವ ದುರ್ಬೀನು?

ಸತ್ಯಮಂಗಲದ ಕಾಡಿಗೆ ತಾಗಿದ ತಾಳವಾಡಿ ಕಡೆಯ ಹೊಲಗಳಲ್ಲಿ ದುರ್ಬೀನಿಗೆ ನಿಜವಾದ ಕೆಲಸ ಬೀಳುವುದು ಹೊತ್ತು ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಆನೆ ಕಂದಕದಾಚೆ ಲಂಟಾನ ಪೊದೆ ಅಲುಗುತ್ತದೆ. ಅದು ಹಂದಿಯೋ, ಕಾಡೆಮ್ಮೆಯೋ, ಒಂಟಿ ಸಲಗವೋ ಎಂಬುದು ರಾಗಿ ಹೊಲದ ಅಟ್ಟಣೆಯಿಂದಲೇ ಗೊತ್ತಾಗಬೇಕು. ಹೊರದೇಶಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರೂ ದುರ್ಬೀನು ಆರಿಸುವಾಗ ಮಬ್ಬು ಬೆಳಕನ್ನೇ ಮೊದಲು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಬೆಳೆ ಕಾಯುವವರಿಗೂ ಪ್ರಾಣಿ ನೋಡುವವರಿಗೂ ಬೆಳಕಿನ ಆ ಲೆಕ್ಕ ಮಾತ್ರ ಅಷ್ಟೇ ಮುಖ್ಯ. ಆದರೆ ಬೇಟೆಗಾರರು ಮೆಚ್ಚುವ 10×42, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲವಿರುವ ದುರ್ಬೀನು, ಇಲ್ಲಿಗೆ ಬೇಡ. ಅದು ಬಯಲಿನಲ್ಲಿ, ಬೆಟ್ಟದ ಓರೆಯಲ್ಲಿ ಕಿಲೋಮೀಟರುಗಟ್ಟಲೆ ದೂರ ನೋಡುವವರಿಗೆ ಸರಿ. ಇಲ್ಲಿ ನೋಡಬೇಕಾದದ್ದು ಇನ್ನೂರು, ಮುನ್ನೂರು ಮೀಟರ್ ಅಷ್ಟೇ.

ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೋ ಅದರಿಂದ ಭಾಗಿಸಿ. 8×42 ಆದರೆ 5.25 ಮಿ.ಮೀ. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ಐವತ್ತು ದಾಟಿದವರದು 5ರ ಆಸುಪಾಸು. 10×42ರಲ್ಲಿ ಸಿಗುವುದು 4.2. ಜೇಬಿಗೆ ಹಿಡಿಯುವ 8×25ರಲ್ಲಿ ಬರೀ 3.1. ಹಗಲಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸಂಜೆ ಮಬ್ಬಾದರೆ ಚಿಕ್ಕದರಲ್ಲಿ ಆನೆಯೂ ಪೊದೆಯೂ ಒಂದೇ ಬಣ್ಣ.

ಹೆಚ್ಚಿನವರಿಗೆ ನಮ್ಮ ಆಯ್ಕೆ ನಿಕಾನ್ ಪ್ರೊಸ್ಟಾಫ್ ಪಿ3 8×42. ತೂಕ 565 ಗ್ರಾಂ. ಒಳಗೆ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿರುವುದರಿಂದ ಮಳೆಗೆ ಹೆದರಬೇಕಿಲ್ಲ, ಚಳಿಗಾಲದ ಬೆಳಗ್ಗೆ ಮನೆಯಿಂದ ಹೊರಗೆ ತಂದರೆ ಗಾಜಿನ ಒಳಮೈಗೆ ಮಂಜು ಹಿಡಿಯುವುದಿಲ್ಲ. ಕಣ್ಣಿಗೂ ಗಾಜಿಗೂ 20 ಮಿ.ಮೀ. ಅಂತರವಿದ್ದರೂ ಪೂರ್ತಿ ಚಿತ್ರ ಕಾಣುವುದರಿಂದ ಕನ್ನಡಕ ತೆಗೆಯಬೇಕಿಲ್ಲ. ಕೊರತೆ ಎಂದರೆ ನೋಟದ ಹರವು: 300 ಮೀಟರ್ ದೂರದಲ್ಲಿ 38 ಮೀಟರ್ ಅಗಲವಷ್ಟೇ ಕಾಣುತ್ತದೆ. ನಿಕಾನ್‌ನದೇ ಮೊನಾರ್ಕ್ ಎಂ7 8×42ರಲ್ಲಿ ಅದೇ ದೂರಕ್ಕೆ 43 ಮೀಟರ್ ಸಿಗುತ್ತದೆ, ಹೊಳೆಯುವ ಅಂಚುಗಳಲ್ಲಿ ನೇರಳೆ ಬಣ್ಣ ಸೋರುವುದೂ ಕಡಿಮೆ. ಹಿಂಡು ಚದುರಿ ನಡೆಯುವಾಗ ಆ ಐದು ಮೀಟರ್ ದೊಡ್ಡದು. ಬೆಲೆ ಮಾತ್ರ ಹಲವು ಪಟ್ಟು.

ಒಲಿಂಪಸ್ 8×40 ಡಿಪಿಎಸ್ ಹಳೆಯ ಮಾದರಿಯ ಅಗಲ ಹೆಗಲಿನ ದುರ್ಬೀನು. ಕೊಟ್ಟ ದುಡ್ಡಿಗೆ ಇಷ್ಟು ಚೆನ್ನಾಗಿ ತೋರಿಸುವುದು ಅಪರೂಪ. ನೀರು ತಡೆಯುವುದಿಲ್ಲ, ಕನ್ನಡಕದವರಿಗೆ ಅಂಚು ಕತ್ತರಿಸುತ್ತದೆ. ಮಳೆಯಲ್ಲಿ ಹೊರತೆಗೆಯದವರು ಧೈರ್ಯವಾಗಿ ಕೊಳ್ಳಬಹುದು. ನಿಕಾನ್ ಅಕ್ಯುಲಾನ್ 10×50 ಬೆಳಕಿಗೆ ಚೆನ್ನ, ಆದರೆ 900 ಗ್ರಾಂ. ಅಟ್ಟಣೆಯ ಬಿದಿರಿಗೆ ಒರಗಿಸಿ ನೋಡುವುದಾದರೆ ಮಾತ್ರ. ಹತ್ತಕ್ಕಿಂತ ಮೇಲೆ ಹೋದರೆ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಜೂಮ್ ಮಾದರಿ ಯಾವುದೂ ಬೇಡ.

ಜಾತ್ರೆ ಅಂಗಡಿಯಲ್ಲಿ 30×60 ಎಂದು ಬರೆದದ್ದು ಸಿಕ್ಕರೆ ಮುಂದಿನ ಗಾಜಿಗೆ ಸ್ಕೇಲು ಹಿಡಿಯಿರಿ. 22 ಮಿ.ಮೀ. ಇದ್ದರೆ ಬರಹವೇ ಸುಳ್ಳು. ಕೆಂಪಗೆ ಹೊಳೆಯುವ ಗಾಜು ಕೂಡ ಮೋಸವೇ. ಒಳಗೆ ಹೋಗಬೇಕಾದ ಬೆಳಕನ್ನು ಅದು ಹಿಂದಕ್ಕೆ ಎಸೆಯುತ್ತಿದೆ.

ಒಳ್ಳೆಯ ಅಂಗಡಿಯಲ್ಲೂ ಪೆಟ್ಟಿಗೆ ನೋಡಿ ದುಡ್ಡು ಕೊಡಬೇಡಿ. ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು ಬೆಳಕಿನತ್ತ ತಿರುಗಿಸಿದರೆ ಕಣ್ಣಿಡುವ ಗಾಜಿನಲ್ಲಿ ಎರಡು ಬಿಳಿ ಬಿಲ್ಲೆ ಕಾಣುತ್ತವೆ. ಅವು ದುಂಡಗಿರಬೇಕು; ಅಂಚು ಬೂದಿಬಣ್ಣಕ್ಕೆ ತಿರುಗಿ ಚೌಕವಾಗಿದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಆಮೇಲೆ ದೂರದ ಕರೆಂಟ್ ಕಂಬ ನೋಡಿ. ಕಂಬ ಎರಡಾಗಿ ಕಂಡರೆ, ಅಥವಾ ಎರಡು ನಿಮಿಷದಲ್ಲಿ ಹುಬ್ಬಿನ ನಡುವೆ ನೋವು ಶುರುವಾದರೆ, ಎರಡು ಕೊಳವೆಗಳ ನೇರ ತಪ್ಪಿದೆ. ಬೇರೆಯದು ಕೇಳಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ.

ಮಸುಕು ಎಂದು ದೂರುವವರಲ್ಲಿ ಬಹಳ ಮಂದಿ ಬಲಗಣ್ಣಿಡುವ ಗಾಜಿನ ಸುತ್ತ ತಿರುಗುವ ಬಳೆಯನ್ನು ಮುಟ್ಟಿಯೇ ಇರುವುದಿಲ್ಲ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಸೋಲಾರ್ ಬೇಲಿಯ ತಂತಿ ಎಡಗಣ್ಣಿಗೆ ಸ್ಪಷ್ಟವಾಗುವ ತನಕ ನಡುವಿನ ಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಬರೀ ಬಲಗಣ್ಣಿನ ಬಳೆ ತಿರುಗಿಸಿ ಅದೇ ತಂತಿಯನ್ನು ಸ್ಪಷ್ಟ ಮಾಡಿಕೊಳ್ಳಿ. ಬಳೆ ನಿಂತ ಜಾಗಕ್ಕೆ ಗುರುತು ಹಾಕಿಡಿ. ಇನ್ನು ಚಕ್ರವೊಂದೇ ಸಾಕು.

ದುರ್ಬೀನನ್ನು ಕೊಲ್ಲುವುದು ಬೂಷ್ಟು. ಮಳೆಗಾಲದಲ್ಲಿ ಅದರ ಚೀಲದಲ್ಲಿಟ್ಟರೆ ತೇವ ಅಲ್ಲೇ ಉಳಿದು ಗಾಜಿನ ಮೇಲೆ ಜೇಡರ ಬಲೆಯಂತೆ ಎಳೆ ಹಬ್ಬುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾಯಿಸಿದಾಗ ಅಡುಗೆಗೆ ಬಳಸದ ತಟ್ಟೆಯಲ್ಲಿ ಬಿಸಿಮಾಡಿ ಒಣಗಿಸಿ. ಹೊಲದ ಧೂಳನ್ನು ಟವೆಲ್ ಚುಂಗಿನಿಂದ ಒರೆಸಿದರೆ ಗಾಜಿನ ಲೇಪ ಗೀಚುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಮೆತ್ತನೆ ಕುಂಚದಲ್ಲಿ ಸವರಿ, ಕೊನೆಗೆ ಮೈಕ್ರೋಫೈಬರ್ ಬಟ್ಟೆ.